ಓದುವ ಕೋಡು ಬೇರೆ, ಓಡುವ ಕೋಡು ಬೇರೆ

ಇಲ್ಲದ ಬಳಕೆದಾರನ ಹೆಸರಿನಲ್ಲಿ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಒಳಹೋಗುವ ವ್ಯವಸ್ಥೆ) ಲಾಗಿನ್‌ಗೆ ಪ್ರಯತ್ನಿಸಿದರೆ ಸರ್ವರ್ ಸುಮಾರು 0.3 ಸೆಕೆಂಡಿನಲ್ಲಿ ಇಲ್ಲ ಎನ್ನಬೇಕಿತ್ತು. ಡೆಬಿಯನ್ ಲಿನಕ್ಸಿನ ಅಸ್ಥಿರ (ಇನ್ನೂ ಪರೀಕ್ಷೆಯಲ್ಲಿರುವ) ಶಾಖೆ ಹಾಕಿದ್ದ ಒಂದು ಯಂತ್ರದಲ್ಲಿ ಅದಕ್ಕೆ 0.8 ಸೆಕೆಂಡ್ ಹಿಡಿಯುತ್ತಿತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಆ ಅರ್ಧ ಸೆಕೆಂಡಿನ ಬೆನ್ನು ಹತ್ತಿದರು. 2024ರ ಮಾರ್ಚ್ 29ರಂದು ಅವರು ಹೊರಗೆಡವಿದ ಸಂಗತಿಗೆ ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2024-3094 ಎಂಬ ಸಂಖ್ಯೆ ಬಿತ್ತು, ತೀವ್ರತೆ ಹತ್ತಕ್ಕೆ ಹತ್ತು. ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಕೂತಿತ್ತು. ಅದರ ಕೀಲಿ ಇದ್ದವರು ಪಾಸ್‌ವರ್ಡೇ ಇಲ್ಲದೆ ಸರ್ವರಿನಲ್ಲಿ ತಮಗೆ ಬೇಕಾದ ಕಮ್ಯಾಂಡ್ ಓಡಿಸಬಹುದಿತ್ತು.

ಈ ಪ್ರಕರಣದ ಬಗ್ಗೆ ಬಹಳಷ್ಟು ಚರ್ಚೆಯಾಗಿದೆ. ಆದರೆ ಅದರಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಒಂದೇ ಮಾತು: ಗಿಟ್‌ನಲ್ಲಿದ್ದ (ಎಲ್ಲರೂ ಓದಬಹುದಾದ ಕೋಡಿನ ಭಂಡಾರ, ಅಂದರೆ ರೆಪಾಸಿಟರಿಯಲ್ಲಿದ್ದ) ಸೋರ್ಸ್ ಕೋಡನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ್ದರೂ ಹಿಂಬಾಗಿಲನ್ನು ಎಬ್ಬಿಸುವ ಸಾಲು ಸಿಗುತ್ತಿರಲಿಲ್ಲ. ಅದು ಇದ್ದದ್ದು ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಹಂಚಲೆಂದು ಕಟ್ಟಿದ ಫೈಲುಗಳ ಗಂಟಿನಲ್ಲಿ) ಮಾತ್ರ, ಬಿಲ್ಡ್-ಟು-ಹೋಸ್ಟ್ ಎಂಬ ಹೆಸರಿನ, ಬಿಲ್ಡ್ ಸ್ಕ್ರಿಪ್ಟ್ ತಯಾರಿಸಲು ಬಳಸುವ ಒಂದು ಎಂ4 ಫೈಲಿನಲ್ಲಿ. ಗಿಟ್‌ನಲ್ಲಿದ್ದದ್ದು ಎರಡು ಟೆಸ್ಟ್ ಫೈಲು. ಒಂದು ‘ಕೆಟ್ಟುಹೋದ’ ಎಕ್ಸ್‌ಜೆಡ್ ಫೈಲು, ಇನ್ನೊಂದು ‘ಸರಿಯಾದ’ ದೊಡ್ಡ ಫೈಲು. ಕಂಪ್ರೆಷನ್ ಲೈಬ್ರರಿಯಲ್ಲಿ ಇಂಥ ಬೈನರಿ ಮಾದರಿಗಳು ಇರಲೇಬೇಕು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಬಿಲ್ಡ್‌ಗೆ (ಕೋಡಿನಿಂದ ಪ್ರೋಗ್ರಾಂ ಕಟ್ಟುವುದಕ್ಕೆ) ಮುನ್ನ ಯಂತ್ರವನ್ನು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟು ಓಡುವಾಗ ಎಂ4 ಸಾಲುಗಳು ಕೆಟ್ಟ ಫೈಲಿನಲ್ಲಿ ಕೆಲವು ಬೈಟುಗಳನ್ನು ಅದಲುಬದಲು ಮಾಡಿ ಸರಿಪಡಿಸುತ್ತಿದ್ದವು. ಅದರೊಳಗಿಂದ ಒಂದು ಶೆಲ್ ಸ್ಕ್ರಿಪ್ಟ್ ಹೊರಬರುತ್ತಿತ್ತು, ಆ ಸ್ಕ್ರಿಪ್ಟು ಎರಡನೆಯ ಫೈಲಿನಿಂದ ಮೊದಲೇ ಕಂಪೈಲ್ ಆದ ಆಬ್ಜೆಕ್ಟ್ ಫೈಲನ್ನು ತೆಗೆದು ಲೈಬ್ರರಿಗೆ ಸೇರಿಸುತ್ತಿತ್ತು. ಅದೂ ಎಲ್ಲ ಕಡೆ ಅಲ್ಲ. ಎಕ್ಸ್86-64 (ಇಂಟೆಲ್, ಎಎಂಡಿ ಚಿಪ್ಪಿನ) ಲಿನಕ್ಸ್ ಆಗಿರಬೇಕು, ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜ್ ಕಟ್ಟುತ್ತಿರಬೇಕು. ಡೆವಲಪರ್ ತನ್ನ ಲ್ಯಾಪ್‌ಟಾಪಿನಲ್ಲಿ ಸುಮ್ಮನೆ ಬಿಲ್ಡ್ ಮಾಡಿ ನೋಡಿದರೆ ಏನೂ ಕಾಣುತ್ತಿರಲಿಲ್ಲ.

ಎಸ್‌ಎಸ್‌ಎಚ್‌ಗೂ ಎಕ್ಸ್‌ಜೆಡ್‌ಗೂ ಏನು ಸಂಬಂಧ? ಮೂಲ ಓಪನ್‌ಎಸ್‌ಎಸ್‌ಎಚ್‌ಗೆ ಯಾವ ಸಂಬಂಧವೂ ಇರಲಿಲ್ಲ. ಸೇವೆ ಸಿದ್ಧವಾಗಿದೆ ಎಂದು ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಂಡಿಗೆ ತಿಳಿಸಲೆಂದು ಡೆಬಿಯನ್, ಫೆಡೋರಾ ಮುಂತಾದವರು ಅದಕ್ಕೆ ಒಂದು ಪ್ಯಾಚ್ (ತಿದ್ದುಪಡಿ) ಹಾಕಿ ಸಿಸ್ಟಂಡಿಯ ಲೈಬ್ರರಿಯಾದ ಲಿಬ್‌ಸಿಸ್ಟಂಡಿಯನ್ನು ಜೋಡಿಸಿದ್ದರು. ಲಿಬ್‌ಸಿಸ್ಟಂಡಿ ತನ್ನ ಬೇರೊಂದು ಕೆಲಸಕ್ಕೆ ಎಕ್ಸ್‌ಜೆಡ್‌ನ ಲೈಬ್ರರಿಯಾದ ಲಿಬ್‌ಎಲ್‌ಝಡ್‌ಎಂಎಯನ್ನು ಎಳೆದು ತರುತ್ತಿತ್ತು. ಒಂದು ಚಿಕ್ಕ ಸಂದೇಶ ಕಳಿಸಲು ಇಡೀ ಲೈಬ್ರರಿ, ಆ ಲೈಬ್ರರಿಯ ಜತೆಗೆ ಮತ್ತೊಂದು. 2024ರ ಜುಲೈಯಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8 ಆ ಸಂದೇಶವನ್ನು ಲಿಬ್‌ಸಿಸ್ಟಂಡಿಯ ಹಂಗಿಲ್ಲದೆ ತಾನೇ ಕಳಿಸುವಂತಾಯಿತು. ನಿಮ್ಮ ಪ್ರೋಗ್ರಾಂ ಯಾವ ಲೈಬ್ರರಿಗಳನ್ನು ಹೊತ್ತು ನಡೆಯುತ್ತಿದೆ ಎಂದು ನೋಡಲು ಎಲ್‌ಡಿಡಿ ಕಮ್ಯಾಂಡ್ ಸಾಕು. ಆದರೆ ನಂಬಿಕೆ ಇಲ್ಲದ ಬೈನರಿಯ ಮೇಲೆ ಎಲ್‌ಡಿಡಿ ಓಡಿಸಬೇಡಿ, ಕೆಲವು ಸಂದರ್ಭಗಳಲ್ಲಿ ಅದು ಆ ಬೈನರಿಯನ್ನೇ ಓಡಿಸಿಬಿಡುತ್ತದೆ. ಬೈನರಿಯನ್ನು ಓಡಿಸದೆ ಓದುವ ರೀಡ್‌ಎಲ್ಫ್ ಕಮ್ಯಾಂಡಿಗೆ ‘ಡಿ’ ಆಯ್ಕೆ ಕೊಟ್ಟು ನೋಡಿ. ಅದು ನೇರ ಅವಲಂಬನೆಗಳನ್ನಷ್ಟೇ ತೋರಿಸುತ್ತದೆ, ಮುಂದಿನ ಹಂತಗಳನ್ನು ಒಂದೊಂದಾಗಿ ನೀವೇ ಹಿಡಿಯಬೇಕು.

ಈ ಟಾರ್‌ಬಾಲ್‌ಗೆ ಡಿಜಿಟಲ್ ಸಹಿ ಇತ್ತು, ಸಹಿ ಸರಿಯಾಗಿಯೂ ಇತ್ತು. ಹಾಕಿದವರು ಯೋಜನೆಯ ಅಧಿಕೃತ ಮೇಂಟೇನರೇ, ಅಂದರೆ ಅದನ್ನು ನೋಡಿಕೊಳ್ಳುವವರೇ. ‘ಜಿಯಾ ಟಾನ್’ ಹೆಸರಿನ ಖಾತೆ 2021ರಲ್ಲಿ ಬಂದು, ಒಳ್ಳೆಯ ಪ್ಯಾಚುಗಳನ್ನು ಕೊಡುತ್ತಾ ಮೆಲ್ಲನೆ ಬಿಡುಗಡೆಯ ಅಧಿಕಾರ ಪಡೆದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಸಹಿಯ ತಪಾಸಣೆ ಏನನ್ನೂ ಹಿಡಿಯಲಾರದು. ಯಾರು ಕಳಿಸಿದರು ಎಂದು ಸಹಿ ಹೇಳುತ್ತದೆ, ಏನು ಕಳಿಸಿದರು ಎಂದು ಹೇಳುವುದಿಲ್ಲ. ಡೌನ್‌ಲೋಡ್ ಪುಟದಲ್ಲೇ ಬರೆದಿರುವ ಎಸ್‌ಎಚ್‌ಎ-256 ಮೊತ್ತದ (ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆಯ) ಬೆಲೆ ಅದಕ್ಕಿಂತಲೂ ಕಡಿಮೆ. ಫೈಲು ಬದಲಿಸಬಲ್ಲವರು ಪಕ್ಕದಲ್ಲಿರುವ ಮೊತ್ತವನ್ನೂ ಬದಲಿಸಬಲ್ಲರು.

ಗಿಟ್ ಕಮಿಟ್‌ಗಳಲ್ಲಿಯೂ (ದಾಖಲಾದ ಬದಲಾವಣೆಗಳಲ್ಲಿಯೂ) ಒಂದು ಕಿಡಿಗೇಡಿತನ ನಡೆದಿತ್ತು. ಲ್ಯಾಂಡ್‌ಲಾಕ್ ಎಂಬ ಲಿನಕ್ಸ್ ರಕ್ಷಣೆ ಈ ಯಂತ್ರದಲ್ಲಿ ಲಭ್ಯವೇ ಎಂದು ಪರೀಕ್ಷಿಸುವ ಸಿಮೇಕ್ ಎಂಬ ಬಿಲ್ಡ್ ಸಾಧನದ ತುಣುಕಿನಲ್ಲಿ, ಸಾಲಿನ ಆರಂಭದಲ್ಲಿ ಒಂಟಿ ಚುಕ್ಕೆಯೊಂದನ್ನು ಇಟ್ಟಿದ್ದರು. ಆ ಚುಕ್ಕೆಯಿಂದ ಪರೀಕ್ಷೆಯ ತುಣುಕು ಎಂದೂ ಕಂಪೈಲ್ ಆಗುತ್ತಿರಲಿಲ್ಲ. ‘ಲಭ್ಯವಿಲ್ಲ’ ಎಂದುಕೊಂಡು ಬಿಲ್ಡ್ ಆ ರಕ್ಷಣೆಯನ್ನೇ ಬಿಟ್ಟು ಮುಂದೆ ಹೋಗುತ್ತಿತ್ತು. ಹೀಗಾಗಿ ರಿವ್ಯೂ ಮಾಡುವವರು ಬಿಲ್ಡ್ ಫೈಲುಗಳ ವ್ಯತ್ಯಾಸವನ್ನು ಕೋಡಿನ ವ್ಯತ್ಯಾಸಕ್ಕಿಂತ ನಿಧಾನವಾಗಿ ಓದಬೇಕು. ವಿಫಲವಾದರೆ ಸದ್ದಿಲ್ಲದೆ ಮುಂದೆ ಹೋಗುವ ಪ್ರತಿ ಪರೀಕ್ಷೆಯ ಫಲಿತಾಂಶವೂ ಬಿಲ್ಡ್ ಲಾಗಿನಲ್ಲಿ ಕಾಣಬೇಕು, ಹಿಂದಿನ ಬಿಲ್ಡಿನ ಜತೆ ಅದನ್ನು ಹೋಲಿಸಬೇಕು.

ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂ ಲೋಕದಲ್ಲಿ ಇದೇ ಆಟ 2018ರಲ್ಲೇ ನಡೆದಿತ್ತು. ಈವೆಂಟ್-ಸ್ಟ್ರೀಮ್ ಪ್ಯಾಕೇಜಿನ ಮೂಲ ಲೇಖಕರು ಅದನ್ನು ಬಳಸುವುದನ್ನು ಬಿಟ್ಟಿದ್ದರು. ನೋಡಿಕೊಳ್ಳುತ್ತೇನೆಂದು ಮುಂದೆ ಬಂದ ಅಪರಿಚಿತರಿಗೆ ವಹಿಸಿಕೊಟ್ಟರು. ಸೆಪ್ಟೆಂಬರಿನಲ್ಲಿ ಬಂದ 3.3.6 ಆವೃತ್ತಿ ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಎಂಬ ಹೊಸ ಡಿಪೆಂಡೆನ್ಸಿಯನ್ನು (ತಾನು ಅವಲಂಬಿಸುವ ಪ್ಯಾಕೇಜನ್ನು) ಸೇರಿಸಿತು. ಅದರ ಗಿಟ್‌ಹಬ್ ಕೋಡು ಶುಭ್ರ, ಎನ್‌ಪಿಎಂಗೆ ಏರಿಸಿದ ಮಿನಿಫೈ ಮಾಡಿದ (ಓದಲು ಕಷ್ಟವಾಗುವಷ್ಟು ಕುಗ್ಗಿಸಿದ) ಫೈಲಿನಲ್ಲಿ ಮಾತ್ರ ವಿಷ. ಅದು ಬಿಚ್ಚಿಕೊಳ್ಳಲು ಬೇಕಾದ ಕೀಲಿ, ಕೋಪೇ ಎಂಬ ಬಿಟ್‌ಕಾಯಿನ್ ವಾಲೆಟ್ಟಿನ ಪ್ಯಾಕೇಜ್ ವಿವರಣೆಯ ವಾಕ್ಯ. ಬೇರೆ ಎಲ್ಲರ ಯಂತ್ರದಲ್ಲೂ ಕೋಡು ಸುಮ್ಮನೆ ಮಲಗಿರುತ್ತಿತ್ತು. ಆವೃತ್ತಿಯ ಮುಂದೆ ಕ್ಯಾರೆಟ್ ಚಿಹ್ನೆ (^) ಹಾಕಿ 3.3.5 ಎಂದು ಬರೆದುಕೊಂಡವರಿಗೆ 3.3.6 ತಾನಾಗಿಯೇ ಬಂದು ಸೇರಿತು.

ಹಾಗಾದರೆ ತಪಾಸಣೆ ಎಲ್ಲಿ ಆಗಬೇಕು? ರೆಪಾಸಿಟರಿಯಲ್ಲಿ ಅಷ್ಟೇ ಅಲ್ಲ, ನಿಮ್ಮ ಯಂತ್ರಕ್ಕೆ ಬಂದು ಬೀಳುವ ಕಟ್ಟಿನಲ್ಲಿ. ಎನ್‌ಪಿಎಂ ಆದರೆ ‘ಎನ್‌ಪಿಎಂ ಪ್ಯಾಕ್’ ಎಂದು ಪ್ಯಾಕೇಜಿನ ಹೆಸರು, ಆವೃತ್ತಿ ಕೊಡಿ, ಇನ್‌ಸ್ಟಾಲ್ ಆಗದೆ ಟಾರ್‌ಬಾಲ್ ಮಾತ್ರ ಇಳಿಯುತ್ತದೆ. ‘ಎನ್‌ಪಿಎಂ ಡಿಫ್’ ಎರಡು ಪ್ರಕಟಿತ ಆವೃತ್ತಿಗಳ ವ್ಯತ್ಯಾಸವನ್ನು ನೇರವಾಗಿ ತೋರಿಸುತ್ತದೆ. ಪೈಥಾನಿನಲ್ಲಿ ಒಂದು ಅಪಾಯ ಇದೆ: ಪ್ಯಾಕೇಜ್ ತರುವ ಪಿಪ್ ಸಾಧನದ ‘ಪಿಪ್ ಡೌನ್‌ಲೋಡ್’ ಬರೀ ಇಳಿಸುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸೋರ್ಸ್ ಪ್ಯಾಕೇಜ್ ಆಗಿದ್ದರೆ ಮಾಹಿತಿ ತೆಗೆಯಲು ಅದು ಸೆಟಪ್ ಸ್ಕ್ರಿಪ್ಟನ್ನು ಓಡಿಸಬಹುದು. ಅನುಮಾನದ ಪ್ಯಾಕೇಜನ್ನು ಪರಿಶೀಲಿಸುವಾಗ ವೀಲ್ (ಮೊದಲೇ ಬಿಲ್ಡ್ ಆದ ಪ್ಯಾಕೇಜ್) ಮಾತ್ರ ಬೇಕು ಎಂಬ ‘ಓನ್ಲಿ-ಬೈನರಿ’ ಆಯ್ಕೆ ಕೊಡಿ, ಇಲ್ಲವೇ ಬ್ರೌಸರಿನಲ್ಲಿ ಫೈಲು ಇಳಿಸಿ ಬಿಚ್ಚಿ.

ಆಟೋಟೂಲ್ಸ್ ಎಂಬ ಬಿಲ್ಡ್ ಸಾಧನ ಬಳಸುವ ಸಿ ಭಾಷೆಯ ಯೋಜನೆಗಳಲ್ಲಿ ಟಾರ್‌ಬಾಲನ್ನು ಗಿಟ್ ಟ್ಯಾಗಿಗೆ (ಗಿಟ್‌ನಲ್ಲಿ ಆ ಆವೃತ್ತಿಗೆ ಹಾಕಿದ ಗುರುತಿಗೆ) ಹೋಲಿಸಿದರೆ ಸಾವಿರಾರು ಸಾಲು ವ್ಯತ್ಯಾಸ ಬರುತ್ತದೆ. ಕಾನ್ಫಿಗರ್ ಫೈಲು ಯಂತ್ರ ಬರೆದದ್ದು, ಎಂ4 ಫೈಲುಗಳಲ್ಲಿ ಹಲವು ಬೇರೆಡೆಯಿಂದ ನಕಲಾದವು. ಎಕ್ಸ್‌ಜೆಡ್‌ನ ಎಂ4 ಫೈಲು ಈ ಕಸದ ರಾಶಿಯಲ್ಲೇ ಅಡಗಿತ್ತು. ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುವ ಬದಲು ಟಾರ್‌ಬಾಲನ್ನೇ ಬದಿಗಿಟ್ಟು, ಗಿಟ್ ಟ್ಯಾಗಿನಿಂದ ಇಳಿಸಿ, ಕಾನ್ಫಿಗರನ್ನು ನಿಮ್ಮದೇ ಯಂತ್ರದಲ್ಲಿ ಹೊಸದಾಗಿ ತಯಾರಿಸಿಕೊಂಡು ಬಿಲ್ಡ್ ಮಾಡುವುದು ಉತ್ತಮ. ಹತ್ತು ನಿಮಿಷ ಹೆಚ್ಚು ಹಿಡಿದರೂ ಚಿಂತೆಯಿಲ್ಲ.

ಪ್ಯಾಕೇಜುಗಳ ನಿಖರ ಆವೃತ್ತಿ, ಹ್ಯಾಶ್‌ಗಳನ್ನು ಬರೆದಿಡುವ ಲಾಕ್ ಫೈಲು ಇರಲೇಬೇಕು, ಇದ್ದರೆ ಸಾಲದು. ಸಿಐನಲ್ಲಿ (ಕೋಡನ್ನು ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ವ್ಯವಸ್ಥೆಯಲ್ಲಿ) ‘ಎನ್‌ಪಿಎಂ ಇನ್‌ಸ್ಟಾಲ್’ ಬೇಡ, ‘ಎನ್‌ಪಿಎಂ ಸಿಐ’ ಬಳಸಿ. ಲಾಕ್ ಫೈಲಿಗೂ ಪ್ಯಾಕೇಜ್ ಫೈಲಿಗೂ ತಾಳೆಯಾಗದಿದ್ದರೆ ಅದು ನಿಂತುಬಿಡುತ್ತದೆ. ಲಾಕ್ ಫೈಲಿನ ಬದಲಾವಣೆಯನ್ನು ಗಿಟ್‌ಹಬ್ ಮಡಚಿ ತೋರಿಸುತ್ತದೆ, ರಿವ್ಯೂ ಮಾಡುವವರು ಬಿಚ್ಚುವುದೇ ಇಲ್ಲ. ಪುಲ್ ರಿಕ್ವೆಸ್ಟ್ (ಬದಲಾವಣೆಯ ಪ್ರಸ್ತಾವ) ಕಳಿಸುವವರು ಅದರೊಳಗಿನ ವಿಳಾಸವನ್ನು ತಮ್ಮ ಸರ್ವರಿಗೆ ತಿರುಗಿಸಿ, ಹ್ಯಾಶನ್ನೂ ಅದಕ್ಕೆ ತಕ್ಕಂತೆ ಬದಲಿಸಬಹುದು. ‘ರಿಸಾಲ್ವ್ಡ್’ ಸಾಲುಗಳೆಲ್ಲ ನಿಮ್ಮ ರಿಜಿಸ್ಟ್ರಿಯ (ಪ್ಯಾಕೇಜ್ ಭಂಡಾರದ) ವಿಳಾಸದಿಂದಲೇ ಆರಂಭವಾಗುತ್ತವೆಯೇ ಎಂದು ನೋಡುವ ಒಂದು ಸಾಲಿನ ಗ್ರೆಪ್ (ಪದ ಹುಡುಕುವ ಕಮ್ಯಾಂಡ್) ಸಿಐನಲ್ಲಿ ಇರಲಿ.

ಇನ್‌ಸ್ಟಾಲ್ ಸ್ಕ್ರಿಪ್ಟುಗಳನ್ನು ನಿಲ್ಲಿಸಲು ‘ಇಗ್ನೋರ್-ಸ್ಕ್ರಿಪ್ಟ್ಸ್’ ಇದೆ. ಹಾಕಿದ ದಿನವೇ ಬಿಕ್ರಿಪ್ಟ್‌ನಂಥ, ನೇಟಿವ್ (ಆಯಾ ಯಂತ್ರಕ್ಕೆಂದೇ ಕಂಪೈಲ್ ಆಗುವ) ಕೋಡ್ ಇರುವ ಪ್ಯಾಕೇಜು ಕೆಲಸ ನಿಲ್ಲಿಸಬಹುದು. ಆಗ ಇಡೀ ಆಯ್ಕೆಯನ್ನು ತೆಗೆಯಬೇಡಿ. ಆ ಒಂದು ಪ್ಯಾಕೇಜಿಗೆ ಮಾತ್ರ, ಸ್ಕ್ರಿಪ್ಟಿಗೆ ಅನುಮತಿ ಕೊಟ್ಟು ‘ಎನ್‌ಪಿಎಂ ರೀಬಿಲ್ಡ್’ ಮಾಡಿ. ಎನ್‌ಪಿಎಂ ಕಮ್ಯಾಂಡಿಗೆ ಪರ್ಯಾಯವಾದ ಪಿಎನ್‌ಪಿಎಂ 10ರಲ್ಲಿ ಡಿಪೆಂಡೆನ್ಸಿಗಳ ಸ್ಕ್ರಿಪ್ಟು ಮೊದಲಿಂದಲೇ ಬಂದ್, ಬೇಕಾದವಕ್ಕೆ ಮಾತ್ರ ಅನುಮತಿ. ಇದೇ ಸರಿಯಾದ ಕ್ರಮ. ಆದರೆ ಪ್ರೋಗ್ರಾಂ ಓಡುವಾಗ ಎಚ್ಚರಗೊಳ್ಳುವ ಈವೆಂಟ್-ಸ್ಟ್ರೀಮ್‌ನಂಥ ಕೋಡನ್ನು ಇದು ತಡೆಯುವುದಿಲ್ಲ.

ಪೈಥಾನಿನಲ್ಲಿ ‘ರಿಕ್ವೈರ್-ಹ್ಯಾಶಸ್’ (ಹ್ಯಾಶ್ ತಾಳೆಯಾಗದ ಪ್ಯಾಕೇಜನ್ನು ತಿರಸ್ಕರಿಸುವ ಆಯ್ಕೆ) ಬಳಸುವಾಗ ಸಾಮಾನ್ಯವಾಗಿ ಹೀಗಾಗುತ್ತದೆ: ಹ್ಯಾಶ್ ಪಟ್ಟಿಯನ್ನು ಮ್ಯಾಕ್‌ನಲ್ಲಿ ತಯಾರಿಸುತ್ತಾರೆ, ಲಿನಕ್ಸ್‌ಗೆ ಮಾತ್ರ ಬೇಕಾದ ಪ್ಯಾಕೇಜು ಪಟ್ಟಿಯಲ್ಲಿ ಇರುವುದಿಲ್ಲ, ಸಿಐ ನಿಲ್ಲುತ್ತದೆ, ಸಂಜೆ ಬಿಡುಗಡೆಯ ಆತುರದಲ್ಲಿ ತಪಾಸಣೆಯನ್ನೇ ಕಿತ್ತುಹಾಕುತ್ತಾರೆ. ಪಟ್ಟಿಯನ್ನು ಸಿಐ ಬಳಸುವ ಅದೇ ಕಂಟೇನರಿನೊಳಗೆ (ಪ್ರೋಗ್ರಾಂ ಓಡುವ ಪ್ರತ್ಯೇಕ ಪರಿಸರದೊಳಗೆ) ತಯಾರಿಸಿದರೆ ಈ ತೊಂದರೆ ಬರುವುದಿಲ್ಲ. ಕಂಪನಿಯ ಒಳಗಿನ ಪ್ಯಾಕೇಜುಗಳಿಗೆ, ಎರಡನೆಯ ಭಂಡಾರದ ವಿಳಾಸ ಸೇರಿಸುವ ‘ಎಕ್ಸ್‌ಟ್ರಾ-ಇಂಡೆಕ್ಸ್-ಯುಆರ್‌ಎಲ್’ ಖಂಡಿತ ಬೇಡ. ಪಿಪ್ ಎರಡೂ ಕಡೆ ಹುಡುಕಿ ದೊಡ್ಡ ಆವೃತ್ತಿ ಸಂಖ್ಯೆಯನ್ನು ಆರಿಸುತ್ತದೆ. ನಿಮ್ಮ ಒಳಗಿನ ಹೆಸರಿನಲ್ಲೇ ಯಾರಾದರೂ ಹೊರಗೆ 99.0 ಪ್ರಕಟಿಸಿದರೆ ಅದೇ ಬರುತ್ತದೆ. ಒಂದೇ ಇಂಡೆಕ್ಸ್ ಇರಲಿ, ಅದು ನಿಮ್ಮ ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಆಗಿರಲಿ.

ಸಿಐನಲ್ಲಿ ಓಡುವ ಸಿದ್ಧ ತುಣುಕುಗಳಾದ ಗಿಟ್‌ಹಬ್ ಆಕ್ಷನ್‌ಗಳ ಟ್ಯಾಗನ್ನು ನಂಬಬೇಡಿ. 2025ರ ಮಾರ್ಚಿನಲ್ಲಿ ಟಿಜೆ-ಆಕ್ಷನ್ಸ್‌ನ ಚೇಂಜ್ಡ್-ಫೈಲ್ಸ್ ಎಂಬ ಆಕ್ಷನ್ನಿನ ಹಳೆಯ ಟ್ಯಾಗುಗಳನ್ನೇ ಕೆಟ್ಟ ಕಮಿಟ್ಟಿನ ಕಡೆ ತಿರುಗಿಸಲಾಯಿತು. ಸಿಐನ ಗುಟ್ಟುಗಳು (ಪಾಸ್‌ವರ್ಡ್, ಕೀಲಿಗಳು) ಬಿಲ್ಡ್ ಲಾಗಿನಲ್ಲಿ ಬಿದ್ದವು. ಅದನ್ನು ಬಳಸುತ್ತಿದ್ದ ರೆಪಾಸಿಟರಿಗಳು 23,000ಕ್ಕೂ ಹೆಚ್ಚು. ಟ್ಯಾಗಿನ ಬದಲು 40 ಅಕ್ಷರಗಳ ಪೂರ್ಣ ಕಮಿಟ್ ಹ್ಯಾಶ್ ಬರೆಯಿರಿ. ಬರೆಯುವ ಮುನ್ನ ಆ ಕಮಿಟ್ಟು ಮೂಲ ರೆಪಾಸಿಟರಿಯ ಶಾಖೆಯಲ್ಲಿಯೇ ಇದೆಯೇ ಎಂದು ನೋಡಿ. ಫೋರ್ಕಿನ (ಬೇರೆಯವರು ಮಾಡಿಕೊಂಡ ನಕಲಿನ) ಕಮಿಟ್ಟನ್ನೂ ಗಿಟ್‌ಹಬ್ ಮೂಲದ ವಿಳಾಸದಲ್ಲಿ ತೋರಿಸಬಲ್ಲದು.

ಹೊಸ ಆವೃತ್ತಿ ಬಂದ ದಿನವೇ ಎಳೆದುಕೊಳ್ಳದೆ ಒಂದು ವಾರ ಕಾಯುವ ಪದ್ಧತಿ ನನಗೆ ಇಷ್ಟ. 2025ರ ಸೆಪ್ಟೆಂಬರ್ 8ರಂದು ಚಾಕ್, ಡಿಬಗ್ ಮುಂತಾದ ಎನ್‌ಪಿಎಂ ಪ್ಯಾಕೇಜುಗಳ ಕೆಟ್ಟ ಆವೃತ್ತಿಗಳು ಇದ್ದದ್ದು ಸುಮಾರು ಎರಡು ಗಂಟೆ. ವಾರ ಕಾದವರಿಗೆ ಅವು ತಾಗಲೇ ಇಲ್ಲ. ಪಿಎನ್‌ಪಿಎಂನಲ್ಲಿ ಇದಕ್ಕೆ ‘ಮಿನಿಮಮ್ ರಿಲೀಸ್ ಏಜ್’ ಇದೆ, ಲೆಕ್ಕ ನಿಮಿಷಗಳಲ್ಲಿ. ಏಳು ದಿನಕ್ಕೆ 10080 ಬರೆಯಬೇಕು, 7 ಎಂದು ಬರೆದರೆ ಏಳೇ ನಿಮಿಷ. ಗೊತ್ತಿರುವ ದೋಷಕ್ಕೆ ಬಂದ ತುರ್ತು ತಿದ್ದುಪಡಿಯನ್ನು ಕಾಯದೆ ಹಾಕಲು ದಾರಿ ಇಟ್ಟುಕೊಳ್ಳಿ. ಆದರೆ ಎಕ್ಸ್‌ಜೆಡ್ 5.6.0 ಬಂದದ್ದು ಫೆಬ್ರವರಿ 24ಕ್ಕೆ, ಸಿಕ್ಕಿಬಿದ್ದದ್ದು 34 ದಿನದ ಮೇಲೆ. ವಾರ ಕಾಯುವುದು ಅಲ್ಲಿ ಕೈಕೊಡುತ್ತಿತ್ತು. ಡೆಬಿಯನ್‌ನ ಸ್ಥಿರ ಆವೃತ್ತಿಯಲ್ಲಿದ್ದವರು ಉಳಿದದ್ದು ಅದಕ್ಕಿಂತ ನಿಧಾನವಾಗಿದ್ದುದರಿಂದ.

ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರಲ್ಲಿ ಎಸ್‌ಬಿಒಎಂ, ಅಂದರೆ ತಂತ್ರಾಂಶದೊಳಗಿನ ಬಿಡಿಭಾಗಗಳ ಪಟ್ಟಿಯ ಕುರಿತು ಮಾರ್ಗಸೂಚಿ ಹೊರಡಿಸಿತು. ಬೆಂಗಳೂರಿನ ಕಂಪನಿಗಳಿಗೆ ಗ್ರಾಹಕರಿಂದಲೂ ಈ ಬೇಡಿಕೆ ಬರುತ್ತದೆ. ಪಟ್ಟಿ ಹಿಂಬಾಗಿಲನ್ನು ಹಿಡಿಯುವುದಿಲ್ಲ. ಎಕ್ಸ್‌ಜೆಡ್ 5.6.1 ನಮ್ಮ ಯಾವ ಯಂತ್ರಗಳಲ್ಲಿದೆ ಎಂಬ ಪ್ರಶ್ನೆಗೆ ಕೆಲವೇ ನಿಮಿಷದಲ್ಲಿ ಉತ್ತರ ಕೊಡುತ್ತದೆ. ಅದಕ್ಕಾಗಿ ಪಟ್ಟಿಯನ್ನು ಸೋರ್ಸಿನಿಂದಲ್ಲ, ಕೊನೆಗೆ ಸರ್ವರಿಗೆ ಹೋಗುವ ಕಂಟೇನರ್ ಇಮೇಜಿನಿಂದ ತಯಾರಿಸಬೇಕು. ಅದಕ್ಕೆ ತಳಹದಿಯಾದ ಬೇಸ್ ಇಮೇಜಿನ ಜತೆ ಬಂದ ಲೈಬ್ರರಿಗಳು ಸೋರ್ಸಿನ ಪಟ್ಟಿಯಲ್ಲಿ ಇರುವುದೇ ಇಲ್ಲ.

ಎಕ್ಸ್‌ಜೆಡ್‌ನ ಮೂಲ ಮೇಂಟೇನರ್ ಲಾಸ್ಸೆ ಕಾಲಿನ್ ಅದನ್ನು ವರ್ಷಗಟ್ಟಲೆ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ನೋಡಿಕೊಂಡಿದ್ದರು. ನಿಧಾನವಾಯಿತೆಂದು 2022ರಲ್ಲಿ ಅವರ ಮೇಲೆ ಒತ್ತಡ ಹಾಕಿದ ಹೆಸರುಗಳ ಹಿಂದೆ ನಿಜವಾದ ಜನರಿದ್ದರೇ ಎಂಬ ಅನುಮಾನ ಇಂದಿಗೂ ಇದೆ. ಆ ಹೊತ್ತಿನಲ್ಲಿ ನೆರವಿಗೆ ನಿಂತದ್ದು ಜಿಯಾ ಟಾನ್ ಖಾತೆ. ನಿಮ್ಮ ಲಾಕ್ ಫೈಲಿನಲ್ಲಿ ಒಬ್ಬರೇ ಮೇಂಟೇನರ್ ಇರುವ ಐದು ಪ್ಯಾಕೇಜುಗಳನ್ನು ಹುಡುಕಿ. ತಿಂಗಳಿಗೊಂದು ದಿನ ತಂಡದ ಒಬ್ಬ ಎಂಜಿನಿಯರನ್ನು ಅದಕ್ಕೇ ಬಿಡಿ. ಅವುಗಳ ಹೊಸ ಬಿಡುಗಡೆಯ ಕಟ್ಟನ್ನು ಗಿಟ್ ಟ್ಯಾಗಿನ ಜತೆ ಹೋಲಿಸುವುದು, ಬಾಕಿ ಇರುವ ಒಂದೆರಡು ಪ್ಯಾಚನ್ನು ಪರೀಕ್ಷಿಸಿ ಫಲಿತಾಂಶವನ್ನು ಮೇಂಟೇನರಿಗೆ ಬರೆದು ತಿಳಿಸುವುದು ಅವರ ಕೆಲಸವಾಗಲಿ.