ಬರೆದದ್ದು ಯಾರು?

1980ರ ಜೂನ್‌ನಲ್ಲಿ ನಾನು ಮುಂಬಯಿಯ ನಮ್ಮ ರಾತ್ರಿ ಶಾಲೆಗೆ ಸೇರಿದೆ. ಎಂಟನೇ ಕ್ಲಾಸು, ವಯಸ್ಸು ಹದಿನಾರು. ಬೆಳಿಗ್ಗೆ ಐದರಿಂದ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಕೆಲಸ. ಸಂಜೆ ಆರಕ್ಕೆ ಲೋಕಲ್ ರೈಲು ಹಿಡಿದು ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಸ್ಟೇಷನ್, ಅಲ್ಲಿಂದ ಫೋರ್ಟ್‌ಗೆ ನಡಿಗೆ. ಎಷ್ಟು ಸ್ನಾನ ಮಾಡಿದರೂ ಮೈಯಿಂದ ಸಾಂಬಾರಿನ ವಾಸನೆ ಹೋಗುತ್ತಿರಲಿಲ್ಲ. ಪಕ್ಕದ ಬೆಂಚಿನವನದ್ದೂ ಅದೇ ವಾಸನೆ, ಹಾಗಾಗಿ ನಾಚಿಕೆ ಇರಲಿಲ್ಲ.

ಆ ವರ್ಷದ ವಾರ್ಷಿಕೋತ್ಸವದಲ್ಲಿ ನಾನೊಂದು ಹಾಡು ಹೇಳಿದೆ. ‘ಮೂಡಲ ಮನೆಯಾ ಮುತ್ತಿನ ನೀರಿನ’. ಮೈಕ್ ಮುಂದೆ ನಿಂತು, ‘ಬೆಳ್ಳಿಮೋಡ ಚಿತ್ರದ ಹಾಡು, ಎಸ್. ಜಾನಕಿ ಹಾಡಿದ್ದು’ ಎಂದು ಗತ್ತಿನಿಂದ ಪರಿಚಯವನ್ನೂ ಮಾಡಿದ್ದೆ. ಚಪ್ಪಾಳೆ ಬಿತ್ತು. ಮರುದಿನ ಕ್ಲಾಸಿನಲ್ಲಿ ಕನ್ನಡ ಮಾಸ್ತರರು ಕೇಳಿದರು.

‘ಚೆನ್ನಾಗಿ ಹಾಡಿದೆ ಮಾರಾಯ. ಬರೆದದ್ದು ಯಾರು?’

‘ಜಾನಕಿ, ಸರ್.’

ಇಡೀ ಕ್ಲಾಸು ನಕ್ಕಿತು. ನಕ್ಕವರಿಗೂ ಉತ್ತರ ಗೊತ್ತಿರಲಿಲ್ಲ, ಅದು ಬೇರೆ ಮಾತು. ಮಾಸ್ತರರು ಮಾತ್ರ ನಗಲಿಲ್ಲ. ಅದು ಬೇಂದ್ರೆಯವರ ಕವಿತೆ, ಸಿನಿಮಾದವರು 1967ರಲ್ಲಿ ತೆಗೆದುಕೊಂಡರು ಅಷ್ಟೇ ಎಂದರು. ಬೇಂದ್ರೆಯವರ ಮನೆಮಾತು ಮರಾಠಿ, ಬಿ.ಎ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಎಂದಾಗ ನಮಗೆ ನಂಬಲಿಕ್ಕೇ ಆಗಲಿಲ್ಲ. ಅಷ್ಟು ಕನ್ನಡ ಬರೆದವರ ಮನೆಯಲ್ಲಿ ಮರಾಠಿಯೇ? ನಮ್ಮ ಮನೆಗಳಲ್ಲಿ ತುಳು, ಕೊಂಕಣಿ ಇದ್ದವು ಎನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಯಾರು ಏನು ಗುನುಗಿದರೂ ಮಾಸ್ತರರದ್ದು ಒಂದೇ ಪ್ರಶ್ನೆ. ವ್ಯಾಕರಣ ಮರೆತರೂ ಕ್ಷಮೆ ಇತ್ತು, ಇದಕ್ಕೆ ಇರಲಿಲ್ಲ.

ಹೋಟೆಲಿನಲ್ಲಿ ದಿನವಿಡೀ ವಿವಿಧ ಭಾರತಿ ಹಾಡುತ್ತಿತ್ತು. ಹಾಡಿಗೆ ಮುಂಚೆ ಗಾಯಕರ ಜೊತೆ ಕವಿಯ ಹೆಸರನ್ನೂ ಹೇಳುತ್ತಿದ್ದರು. ಹಾಗೆ ಹೇಳಲೇಬೇಕೆಂದು ಹಟ ಹಿಡಿದವರು ಹಿಂದಿ ಸಿನಿಮಾ ಹಾಡುಗಳ ಕವಿ ಸಾಹಿರ್ ಲುಧಿಯಾನ್ವಿ ಎನ್ನುತ್ತಾರೆ. ನಾನು ಅದುವರೆಗೆ ಆ ಹೆಸರುಗಳನ್ನು ಕೇಳಿಸಿಕೊಂಡಿರಲೇ ಇಲ್ಲ. ಈಗ ಕಪ್ಪು ತೊಳೆಯುತ್ತಾ ಕಿವಿ ಅತ್ತಲೇ ಇಡತೊಡಗಿದೆ. ಶೈಲೇಂದ್ರ ಎಂಬ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಒಂದು ದಿನ ಮಾಸ್ತರರಿಗೆ ಹೇಳಿದೆ.

‘ಮಾಟುಂಗಾದಲ್ಲಿ ರೈಲ್ವೆ ವರ್ಕ್‌ಶಾಪ್ ಇದೆಯಲ್ಲ, ಅಲ್ಲಿಯವರಿಗೆ ನೀನು ಚಾ ಕೊಡುವುದಿಲ್ವಾ?’ ಎಂದರು.

‘ದಿನಾ ಕೊಡ್ತೇನೆ ಸರ್.’

‘ಶೈಲೇಂದ್ರ ಅಲ್ಲೇ ಕೆಲಸ ಮಾಡುತ್ತಿದ್ದದ್ದು.’

ವೆಲ್ಡಿಂಗ್ ಕಲಿಯಲು ಸೇರಿದ ಹುಡುಗ. ಸಭೆಯೊಂದರಲ್ಲಿ ಅವನ ಕವಿತೆ ಕೇಳಿ ರಾಜ್ ಕಪೂರ್ ಕೊಂಡುಕೊಳ್ಳುತ್ತೇನೆ ಎಂದರಂತೆ, ಇವನು ಮಾರುವುದಿಲ್ಲ ಎಂದನಂತೆ. ಆಮೇಲೆ ಹೆಂಡತಿ ಬಸುರಿ, ಕೈಯಲ್ಲಿ ಕಾಸಿಲ್ಲ. ತಾನಾಗಿಯೇ ಹೋಗಿ 1949ರ ‘ಬರ್ಸಾತ್’ಗೆ ಎರಡು ಹಾಡು ಬರೆದುಕೊಟ್ಟ. ಮಾರುವುದಿಲ್ಲ ಎಂದ ಭಾಗ ಕೇಳಿ ನಮಗೆಲ್ಲ ಬಹಳ ಖುಷಿಯಾಗಿತ್ತು. ನನಗೆ ಈಗ ಎರಡನೇ ಭಾಗವೇ ಜಾಸ್ತಿ ಇಷ್ಟ. ಮರುದಿನ ವರ್ಕ್‌ಶಾಪಿನವರಿಗೆ ಚಾ ಕೊಡುವಾಗ ಎಣ್ಣೆ ಹತ್ತಿದ ಕೈಗಳನ್ನೇ ನೋಡುತ್ತಾ ನಿಂತು ಒಬ್ಬರಿಂದ ಬೈಸಿಕೊಂಡೆ.

ಶೈಲೇಂದ್ರರ ಹಾಡು ನನ್ನಂಥ ಅರೆಬರೆ ಹಿಂದಿಯವನಿಗೂ ಅರ್ಥವಾಗುತ್ತದೆ. ಸಣ್ಣ ಸಣ್ಣ ಶಬ್ದ. ಮಜರೂಹ್ ಸುಲ್ತಾನ್‌ಪುರಿಯವರದ್ದು ಹಾಗಲ್ಲ, ಕೆಲವು ಶಬ್ದಗಳಿಗೆ ನಮ್ಮ ಹೋಟೆಲಿಗೆ ಹಾಲು ಹಾಕುವ ಭೈಯ್ಯನನ್ನು ಕೇಳಬೇಕಾಗುತ್ತಿತ್ತು. ಆದರೆ ಮಜರೂಹರ ಆಯಸ್ಸು ನೋಡಿ! ಸೈಗಲ್ 1946ರ ‘ಶಾಹಜಹಾನ್’ನಲ್ಲಿ ಹಾಡಿದ್ದು ಅವರ ಹಾಡು. 1988ರಲ್ಲಿ ‘ಕಯಾಮತ್ ಸೇ ಕಯಾಮತ್ ತಕ್’ ಬಂದಾಗ ಕಾಲೇಜು ಹುಡುಗರು ಗಿಟಾರ್ ಹಿಡಿದು ಹಾಡಿದ್ದೂ ಅವರದ್ದೇ. ನಲವತ್ತೆರಡು ವರ್ಷ. ನಮ್ಮ ಧಣಿಗಳಿಗೆ ಸೈಗಲ್ ಎಂದರೆ ಪ್ರಾಣ, ಅವರ ಮಗನಿಗೆ ಆ ಹೊಸ ಹಾಡಿನ ಹುಚ್ಚು. ಗಲ್ಲೆಯ ಹತ್ತಿರ ಟೇಪ್‌ರೆಕಾರ್ಡರಿಗಾಗಿ ಅಪ್ಪ ಮಗ ದಿನಾ ಜಗಳ. ಎರಡೂ ಒಬ್ಬರೇ ಬರೆದದ್ದು ಎಂದು ನಾನು ಹೇಳಿದೆ. ಇಬ್ಬರೂ ನಂಬಲಿಲ್ಲ.

ರಾತ್ರಿ ಶಾಲೆ ಬಿಟ್ಟು ವಾಪಸು ಬರುವ ಲೋಕಲ್‌ನಲ್ಲಿ ಒಮ್ಮೊಮ್ಮೆ ಭಜನೆ ಮಂಡಳಿಯವರು ಸಿಗುತ್ತಿದ್ದರು. ತಾಳ ಹಿಡಿದು ಅಭಂಗ ಶುರು ಮಾಡಿದರೆ ಡಬ್ಬಿಯೇ ಕುಣಿಯುತ್ತಿತ್ತು. ಕೊನೆಯಲ್ಲಿ ‘ತುಕಾ ಮ್ಹಣೆ’ (ತುಕಾ ಹೇಳುತ್ತಾನೆ) ಬಂದ ಕೂಡಲೇ ನನಗೆ ಸಮಾಧಾನ. ಬರೆದದ್ದು ತುಕಾರಾಮ, ಕೇಳುವ ಕೆಲಸವೇ ಇಲ್ಲ. ಇದನ್ನು ಮಾಸ್ತರರಿಗೆ ಹೇಳಿದಾಗ ಅವರು ಅಂಕಿತದ ಬಗ್ಗೆ ಎರಡು ದಿನ ಪಾಠ ಮಾಡಿದರು. ತುಕಾರಾಮ ತನ್ನ ಹೆಸರು ಇಟ್ಟ, ಪುರಂದರದಾಸರು ಪುರಂದರ ವಿಠಲ ಎಂದು ದೇವರ ಹೆಸರು ಇಟ್ಟರು, ಕನಕದಾಸರು ಕಾಗಿನೆಲೆಯ ಆದಿಕೇಶವನನ್ನು ಇಟ್ಟರು, ಶರೀಫರು ಶಿಶುನಾಳಧೀಶನನ್ನು. ‘ಸಿನಿಮಾದವರಿಗೆ ಈ ಸೌಕರ್ಯ ಇಲ್ಲ. ಅವರ ಹೆಸರು ಪರದೆಯ ಮೇಲೆ ಬರುವಾಗ ನೀವು ಶೇಂಗಾ ಕೊಳ್ಳುತ್ತಿರುತ್ತೀರಿ’ ಎಂದರು.

1981ರ ದೀಪಾವಳಿ ರಜೆ ಮುಗಿದು ಶಾಲೆ ತೆರೆದ ದಿನ ಮಾಸ್ತರರು ಹಾಜರಿ ಕರೆಯಲಿಲ್ಲ. ನನ್ನತ್ತ ನೋಡಿ, ‘ನಿನ್ನ ಜಾನಕಿ ಹಾಡಿನ ಕವಿ ತೀರಿಕೊಂಡರು. ಇದೇ ಊರಿನಲ್ಲಿ’ ಎಂದರು. ಬೇಂದ್ರೆ ಅಕ್ಟೋಬರ್ 26ರಂದು ಮುಂಬಯಿಯಲ್ಲೇ ಹೋಗಿದ್ದರು. ಆ ದಿನ ನಾನು ಹಬ್ಬದ ಗಿರಾಕಿಗಳಿಗೆ ಬಾದಾಮ್ ಹಲ್ವ ಕಟ್ಟಿಕೊಡುತ್ತಿದ್ದೆ. ಮಾಸ್ತರರು ಹಾಡು ಎಂದರು. ಎರಡು ಸಾಲಿನ ಮೇಲೆ ನನ್ನಿಂದ ಆಗಲಿಲ್ಲ. ಉಳಿದದ್ದನ್ನು ಅವರೇ ಓದಿದರು.

ಮುಂದಿನ ವರ್ಷ ಮಿಲ್ಲುಗಳ ಮುಷ್ಕರ. ಲಾಲ್‌ಬಾಗ್‌ನ ಒಂದು ಸಭೆಯಲ್ಲಿ ಡಫ್ ಬಡಿದು ‘ಮಾಝೀ ಮೈನಾ’ ಹಾಡುತ್ತಿದ್ದರು. ನಾವು ಮೂವರು ಗೆಳೆಯರು ನಿಂತು ಕೇಳಿದೆವು. ಬರೆದದ್ದು ಅಣ್ಣಾಭಾವು ಸಾಠೆ. ಸಾಂಗ್ಲಿ ಕಡೆಯ ವಾಟೇಗಾವ್‌ನಿಂದ ನಡೆದೇ ಮುಂಬಯಿಗೆ ಬಂದವರು, ಘಾಟ್‌ಕೋಪರ್‌ನ ಚಿರಾಗ್ ನಗರದ ಜೋಪಡಿಯಲ್ಲಿ ಬಾಳಿದವರು. ಊರಲ್ಲೇ ಬಿಟ್ಟು ಬಂದ ಹೆಂಡತಿಯನ್ನು ನೆನೆಯುವ ಹಾಡು. ನಮಗೆ ಹೆಂಡತಿ ಇರಲಿಲ್ಲ, ಆದರೂ ಗಂಟಲು ಕಟ್ಟಿತು. ಹಾಡು ಮುಂದೆ ಹೋಗಿ, ಹಾಗೇ ಮಹಾರಾಷ್ಟ್ರದಿಂದ ಅಗಲಿದ್ದು ಬೆಳಗಾವಿ, ಕಾರವಾರ ಎಂದಾಗ ನಮ್ಮ ಜೊತೆಗಿದ್ದ ಕಾರವಾರದ ಹುಡುಗ ‘ಥೂ, ನಡೀರೋ’ ಎಂದು ಎಳೆದುಕೊಂಡು ಹೊರಟ. ರೈಲಿನಲ್ಲಿ ಅದೇ ಧಾಟಿ ಗುನುಗುತ್ತಿದ್ದವನೂ ಅವನೇ.

ಈಗ ನನ್ನ ಮಗಳ ಸರದಿ. ‘ಮುಂಗಾರು ಮಳೆ’ಯ ‘ಅನಿಸುತಿದೆ ಯಾಕೋ ಇಂದು’ ಬಂದ ಹೊಸತರಲ್ಲಿ ದಿನಕ್ಕೆ ಹತ್ತು ಸಲ ಹಾಕುತ್ತಿದ್ದಳು. ಬರೆದದ್ದು ಯಾರು ಎಂದೆ. ‘ಸೋನು ನಿಗಮ್’ ಎಂದಳು. ನಾನು ನಗಲಿಲ್ಲ. ಜಯಂತ ಕಾಯ್ಕಿಣಿ ಎಂದೆ. ಗೋಕರ್ಣದವರು, ಎಷ್ಟೋ ವರ್ಷ ಇದೇ ಮುಂಬಯಿಯಲ್ಲಿ ಔಷಧ ಕಂಪನಿಯ ಕೆಲಸದಲ್ಲಿದ್ದರು, ನಮ್ಮ ಹಾಗೆ ಲೋಕಲ್‌ನಲ್ಲಿ ನೇತಾಡಿದವರು ಎಂದೆ. ‘ಮತ್ತೆ ಮಳೆ ಬಗ್ಗೆ ಅಷ್ಟು ಗೊತ್ತಿರೋದು ಇಲ್ಲಿಂದಾನೇ’ ಎಂದಳು. ಇರಬಹುದು, ಅಲ್ವಾ?

ಕೊನೆಗೆ ಒಂದು ವಿಷಯ. ನಮ್ಮ ಶಾಲೆಯ ಸ್ವಾಗತ ಗೀತೆ ಬರೆದದ್ದು ಯಾರು? ಮಾಸ್ತರರನ್ನು ನಾವು ಕೇಳಿದ್ದೆವು. ಆ ಒಂದು ಹಾಡಿಗೆ ಮಾತ್ರ ಅವರು ‘ಯಾರೋ ಬರೆದಿರ್ಬೇಕು, ಸುಮ್ನೆ ಹಾಡಿ’ ಎಂದಿದ್ದರು. ಅವರೇ ಎಂದು ಗೆಳೆಯರು ಹೇಳುತ್ತಾರೆ. ನನಗೆ ಅನುಮಾನ. ಮೂರನೇ ಸಾಲಿನಲ್ಲಿ ಮಾತ್ರೆ ಹೆಚ್ಚಾಗಿ ನಾವೆಲ್ಲ ಉಸಿರುಗಟ್ಟಿ ಓಡಬೇಕಾಗುತ್ತಿತ್ತು. ನಮ್ಮ ಛಂದಸ್ಸಿನ ತಪ್ಪಿಗೆ ಕಿವಿ ಹಿಂಡುತ್ತಿದ್ದವರು ಅಂಥ ಸಾಲು ಬರೆದಾರೆಯೇ? ಮಾಸ್ತರರು ಈಗ ಇಲ್ಲ. ಸಂಚಿಕೆ ಓದುವ ಹಿರಿಯರಲ್ಲಿ ಯಾರಿಗಾದರೂ ಗೊತ್ತಿದ್ದರೆ ಶಾಲೆಯ ಆಫೀಸಿಗೆ ತಿಳಿಸಿ.