ಬಂದಾನೋ, ಬಂದಾಳೋ

ಅಜ್ಜಿ ಬೀಸುವ ಕಲ್ಲಿನ ಪದ ಹಾಡಲು ಒಪ್ಪಿದ್ದೇ ದೊಡ್ಡ ಮಾತು. ಹೊಸ ಮನೆಯ ಹಾಲ್ ಪ್ರಶಸ್ತವೆಂದು ಅಲ್ಲೇ ಕೂರಿಸಿದೆ. ಗ್ರಾನೈಟ್ ನೆಲ, ಬರಿಯ ಗೋಡೆ, ಪರದೆ ಕಾಣದ ಕಿಟಕಿ. ಫ್ಯಾನ್ ಆರಿಸಿ, ಮೊಬೈಲನ್ನು ಎದುರಿನ ಟೀಪಾಯಿಯ ಮೇಲಿಟ್ಟು ಮುಕ್ಕಾಲು ಗಂಟೆ ರೆಕಾರ್ಡ್ ಮಾಡಿಕೊಂಡೆ.

ರಾತ್ರಿ ಕೇಳಿದರೆ ಅಜ್ಜಿ ಬಾವಿಯೊಳಗೆ ಕುಳಿತು ಹಾಡಿದಂತಿತ್ತು. ಒಂದು ಸಾಲಿನಲ್ಲಿ ‘ಬಂದಾನ’ ಎಂದಳೋ ‘ಬಂದಾಳ’ ಎಂದಳೋ ಎಷ್ಟು ಸಲ ಕೇಳಿದರೂ ತಿಳಿಯಲಿಲ್ಲ. ಎಳೆದು ಹಾಡಿದ ‘ದಾ’ದ ಗುಂಗು ಮುಂದಿನ ಮೆಲುವಾದ ವ್ಯಂಜನವನ್ನು ನುಂಗಿಬಿಟ್ಟಿತ್ತು. ಎದುರಿಗೆ ಕುಳಿತಾಗ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಎರಡು ಕಿವಿ ಮತ್ತು ಮಿದುಳು ಸೇರಿ ಬೇಕಾದ ದನಿಯನ್ನು ಆರಿಸಿಕೊಳ್ಳುತ್ತವೆ, ಮೈಕಿಗೆ ಆ ಆಯ್ಕೆಯಿಲ್ಲ.

ವಿಜಯಪುರದ ಗೋಳಗುಮ್ಮಟದಲ್ಲಿ ಪ್ರತಿಧ್ವನಿಗಳನ್ನು ಎಣಿಸಬಹುದು. ಮನೆಯಲ್ಲಿ ಹಾಗಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ; 5 ಮೀಟರ್ ಆಚೆಯ ಗೋಡೆಗೆ ತಾಗಿ ಮರಳಲು 0.03 ಸೆಕೆಂಡು ಸಾಕು. ನೆಲ, ಸೂರು, ಗೋಡೆಗಳಿಂದ ಮರಳಿದ್ದೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಅದೇ ಅನುರಣನ.

ಕಂಪ್ಯೂಟರಿನಲ್ಲಿ ಅದನ್ನು ತೆಗೆಯಲು ಎರಡು ರಾತ್ರಿ ಕುಳಿತೆ. ಫ್ಯಾನಿನ ಸದ್ದಾದರೆ ಅದರ ಚಹರೆ ಬೇರೆ, ಹಿಡಿದು ಹೊರಹಾಕಬಹುದು. ಇದು ಅಜ್ಜಿಯದೇ ದನಿ. ಒರೆಸಿದಷ್ಟೂ ಪದಗಳ ಕೊನೆಯಕ್ಷರಗಳೂ ಜೊತೆಗೆ ಅಳಿಸಿಹೋದವು.

ಮತ್ತೊಮ್ಮೆ ಹಾಡು ಎಂದು ಕೇಳಿಕೊಂಡೆ. ಈ ಸಲ ಜೋಳದ ಚೀಲ, ಹಾಸಿಗೆ ಸುರುಳಿಗಳಿರುವ ಒಳಕೋಣೆ. ಹಗ್ಗ ಕಟ್ಟಿ, ಗೋಡೆಯಿಂದ ಒಂದು ಗೇಣು ಬಿಟ್ಟು ದಪ್ಪ ಕೌದಿಗಳನ್ನು ಇಳಿಬಿಟ್ಟೆ, ನೆಲಕ್ಕೆ ಕಂಬಳಿ ಹಾಸಿದೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮಾತ್ರ ಮೊಬೈಲನ್ನು ಬಾಯಿಂದ ಗೇಣುದ್ದಕ್ಕೆ, ಉಸಿರು ನೇರವಾಗಿ ತಾಗದಂತೆ ಕೊಂಚ ಓರೆಯಾಗಿ ಇಟ್ಟದ್ದು. ದೂರ ಅರ್ಧವಾದರೆ ನೇರ ದನಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗೋಡೆಗಳಿಂದ ಮರಳುವುದು ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುತ್ತದೆ. ದುಬಾರಿ ಮೈಕ್ ಕೊಳ್ಳುವ ಮೊದಲು ಎಲ್ಲರೂ ಇದನ್ನು ಮಾಡಿ ನೋಡಬೇಕು.

“ಬಾಣಂತಿ ಕೋಣೆಯ ಹಾಗಿದೆ” ಎಂದು ಅಜ್ಜಿ ಕೌದಿಯ ಹೊಲಿಗೆ ಸವರಿದಳು. ಆಮೇಲೆ ಕಣ್ಣು ಮುಚ್ಚಿ ಹಾಡಿದಳು.

ಈಗ ಸಾಲುಗಳ ನಡುವೆ ಅವಳು ಉಸಿರೆಳೆದುಕೊಳ್ಳುವುದು ಕೇಳುತ್ತದೆ, ಬಳೆ ಸರಿಯುವುದು ಕೇಳುತ್ತದೆ. ಆ ಸಾಲು ‘ಬಂದಾಳ’. ಬಂದವಳು ಮಗಳು, ತವರಿಗೆ.