ಇನ್ವರ್ಟರ್ 15 ಅಂತಿತ್ತು, ಮೀಟರ್ 9 ಅಂತಿತ್ತು

ಛಾವಣಿಗೆ ಸೋಲಾರ್ ಹಾಕಿಸಿದ ಮೇಲೆ ನನಗೊಂದು ಹೊಸ ಚಟ ಹತ್ತಿದೆ, ದಿನಾ ಸಂಜೆ ಮೀಟರ್ ಮುಂದೆ ನಿಲ್ಲುವುದು. ಒಂದಾದ ಮೇಲೊಂದು ಎರಡು ಅಂಕಿ ಬರುತ್ತವೆ, ಗ್ರಿಡ್‌ನಿಂದ (ಅಂದ್ರೆ ಹೊರಗಿನ ಕರೆಂಟ್ ಲೈನಿನಿಂದ) ತಗೊಂಡದ್ದು, ಗ್ರಿಡ್‌ಗೆ ಕೊಟ್ಟದ್ದು. ನೆಟ್ ಮೀಟರಿಂಗ್ ಅಂದ್ರೆ ಇಷ್ಟೇ. ತಿಂಗಳಿಗೆ 300 ಯೂನಿಟ್ ತಗೊಂಡು 220 ಕೊಟ್ಟರೆ 80ಕ್ಕೆ ಮಾತ್ರ ಬಿಲ್. ನಿಗದಿತ ಶುಲ್ಕ ಬೇರೆ, ಅದು ಹೇಗಿದ್ರೂ ಬಿಡಲ್ಲ.

ಒಂದು ವಿಷಯ ಮೊದಲು ತಲೆಗೆ ಹೋಗಿರಲಿಲ್ಲ. ಪ್ಯಾನೆಲ್ ಮಾಡಿದ ಕರೆಂಟೆಲ್ಲ ಹೊರಗೆ ಹೋಗುವುದಿಲ್ಲ, ಹಗಲಲ್ಲಿ ಫ್ರಿಜ್, ಮೋಟರ್, ವಾಷಿಂಗ್ ಮಷೀನ್ ತಿಂದು ಉಳಿದದ್ದು ಮಾತ್ರ ಹೋಗುತ್ತದೆ. ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನು ಮನೆಗೆ ಬಳಸುವ ಹಾಗೆ ಮಾಡುವ ಡಬ್ಬ) ಒಟ್ಟು ಮಾಡಿದ್ದು 15 ಯೂನಿಟ್ ಅಂತ ತೋರಿಸಿ, ಮೀಟರ್ ಹೊರಗೆ ಕೊಟ್ಟದ್ದು 9 ಅಂತ ತೋರಿಸಿದ ದಿನ, ಮೀಟರೇ ಕೆಟ್ಟಿದೆ ಅಂತ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ!

ಇನ್ನೊಂದು ಬೇಜಾರು. ಮಟಮಟ ಮಧ್ಯಾಹ್ನ, ಬಿಸಿಲು ಧಗಧಗ, ಕರೆಂಟ್ ಹೋದರೆ ನಮ್ಮ ಸೋಲಾರೂ ಬಂದ್. ಬ್ಯಾಟರಿ ಇಲ್ಲದ ಇನ್ವರ್ಟರ್ ಆಗ ತಾನಾಗೇ ನಿಲ್ಲಬೇಕು, ಇಲ್ಲದಿದ್ದರೆ ಲೈನ್ ರಿಪೇರಿ ಮಾಡುವವರಿಗೆ ನಮ್ಮ ಕರೆಂಟ್ ಹೊಡೆದೀತು. ಕಾರಣ ಸರಿಯೇ. ಆದ್ರೂ ಫ್ಯಾನ್ ನಿಂತಾಗ ಸಿಟ್ಟು ಬರುತ್ತೆ ಅಲ್ವಾ?

ಹಾಕಿಸುವ ಮುಂಚೆ ನೆಟ್ಟೋ ಗ್ರಾಸೋ ಕೇಳಿಕೊಳ್ಳಿ. ಗ್ರಾಸ್ ಆದರೆ ಮಾಡಿದ್ದಷ್ಟೂ ಬೇರೆ ದರಕ್ಕೆ ಮಾರಾಟ, ಬಳಸಿದ್ದಕ್ಕೆಲ್ಲ ಮಾಮೂಲಿ ಬಿಲ್.